ಗಾಣ ನಿಲ್ಲಿಸಿದ ಹೊಂಬಾಳಮ್ಮ

ಚಿಕ್ಕರಸಿನಕೆರೆ ದಾಟಿ ನಾಲೆಯ ಏರಿ ಹಿಡಿದು ಸ್ವಲ್ಪ ದೂರ ನಡೆದರೆ ಚಲುವರಾಜುವಿನ ಆಲೆಮನೆ ಸಿಗುತ್ತದೆ. ಅಲ್ಲಿ ಹೊಂಬಾಳಮ್ಮ ಹದಿನಾಲ್ಕು ವರ್ಷ ಗಾಣಕ್ಕೆ ಕಬ್ಬು ಕೊಟ್ಟಳು. ಕಬ್ಬು ಕೊಡುವುದೆಂದರೆ ಗಾಣದ ಬಾಯಿಯ ಮುಂದೆ ನಿಂತು, ಪಕ್ಕದ ಹೊರೆಯಿಂದ ಮೂರು ನಾಲ್ಕು ಜಲ್ಲೆ ಎತ್ತಿಕೊಂಡು, ತಿರುಗುವ ಕಬ್ಬಿಣದ ಉರುಳೆಗಳ ನಡುವೆ ತುದಿ ಹಿಡಿಸಿ ಬಿಡುವುದು. ಹಿಡಿಸಿದ ಮೇಲೆ ಉರುಳೆಗಳೇ ಎಳೆದುಕೊಳ್ಳುತ್ತವೆ. ಆ ಕಡೆ ಸಿಪ್ಪೆ ಬೀಳುತ್ತದೆ, ಕೆಳಗೆ ಕಬ್ಬಿನ ಹಾಲು ಹರಿಯುತ್ತದೆ. ನೋಡುವವರಿಗೆ ಇದೇನು ದೊಡ್ಡ ಕೆಲಸ ಅನ್ನಿಸಬಹುದು. ಆದರೆ ಕೊಡುವ ಕೈ ಒಂದೇ ಸಮನಾಗಿರಬೇಕು. ಹೆಚ್ಚು ಕೊಟ್ಟರೆ ಗಾಣ ಕಚ್ಚಿಕೊಂಡು ಬೆಲ್ಟು ಜಾರುತ್ತದೆ. ಕಡಿಮೆ ಕೊಟ್ಟರೆ ಬೆಲ್ಲ ಕಾಯಿಸುವ ಕೊಪ್ಪರಿಗೆಗೆ ಹಾಲು ಸಾಲದೆ ಒಲೆ ಸುಮ್ಮನೆ ಉರಿಯುತ್ತದೆ.

ಅವಳ ಗಂಡ ಬೋರಯ್ಯ ಅದೇ ಆಲೆಮನೆಯಲ್ಲಿ ಪಾಕ ನೋಡುವವನು. ಕೊಪ್ಪರಿಗೆಯ ಬಳಿ ಬೆನ್ನು ಹಾಕಿ ಕೂತಿದ್ದರೂ ಗಾಣದ ಸದ್ದಿನ ಮೇಲೇ, ನಿಂತಿರುವುದು ಹೆಂಡತಿಯೋ ಬೇರೆಯವರೋ ಎಂದು ಹೇಳಿಬಿಡುತ್ತಿದ್ದ. ಇಬ್ಬರಿಗೂ ಮಾತು ಕಡಿಮೆ. ಬೆಳಗ್ಗೆ ಒಟ್ಟಿಗೆ ಬರುತ್ತಿದ್ದರು, ಒಟ್ಟಿಗೆ ಮುದ್ದೆ ಉಣ್ಣುತ್ತಿದ್ದರು, ಒಟ್ಟಿಗೆ ಮನೆಗೆ ಹೋಗುತ್ತಿದ್ದರು.

ಎರಡು ಸಾವಿರದ ಇಪ್ಪತ್ತೆರಡರ ಸಂಕ್ರಾಂತಿ ಕಳೆದು ನಾಲ್ಕನೆಯ ದಿನ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ, ಸೊಟ್ಟಗಿದ್ದ ಒಂದು ಮೋಟು ಜಲ್ಲೆ ಉರುಳೆಗೆ ಹಿಡಿಯದೆ ಹೊರಳುತ್ತಿತ್ತು. ಹೊಂಬಾಳಮ್ಮ ಅದನ್ನು ಅಂಗೈಯಿಂದ ಒತ್ತಿದಳು. ಗರಿಯ ಅಂಚು ಕೊಯ್ಯದಿರಲೆಂದು ಕೈಗೆ ಹಳೆ ಸೀರೆಯ ಚೂರು ಸುತ್ತಿಕೊಂಡಿದ್ದಳು. ಮೊದಲು ಸಿಕ್ಕಿದ್ದು ಆ ಬಟ್ಟೆ. ಅವಳು ಕೂಗಿದಳು. ಬೋರಯ್ಯ ಎದ್ದು ಓಡಿದ. ಆದರೆ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ ಇದ್ದದ್ದು ಗೋಡೆಯ ಹಿಂದೆ. ಒಲೆಯನ್ನೂ ಬೆಲ್ಲದ ಅಚ್ಚಿನ ಹಲಗೆಗಳನ್ನೂ ಬಳಸಿ ಹೋಗಬೇಕು. ಅವನು ಕೈ ಇಟ್ಟು ನಿಲ್ಲಿಸಿದ ಮೇಲೂ ಗಾಣ ಸ್ವಲ್ಪ ತಿರುಗಿಯೇ ನಿಂತಿತು.

ಮಂಡ್ಯದ ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನ ಮೇಲೆ ತೆಗೆದರು. ಚಲುವರಾಜು ಮೂರು ದಿನ ಆಸ್ಪತ್ರೆ ಬಿಟ್ಟು ಕದಲಲಿಲ್ಲ. ಖರ್ಚನ್ನೆಲ್ಲ ಅವನೇ ನೋಡಿಕೊಂಡ. ಕೆಟ್ಟ ಮನುಷ್ಯನಲ್ಲ. ಆದರೆ ನಾಲ್ಕನೆಯ ದಿನ ಗಾಣ ಮತ್ತೆ ತಿರುಗಿತು, ಅವಳ ಜಾಗದಲ್ಲಿ ಕೆಂಪರಾಜು ಎಂಬ ಆಳು ಬಂದು ನಿಂತ. ಗಾಣ ಮಾತ್ರ ಇದ್ದ ಹಾಗೇ ಇತ್ತು.

ಗಾಯ ಮಾಗಿದ ಮೇಲೆ ಹೊಂಬಾಳಮ್ಮ ಮನೆಯಲ್ಲಿ ಕೂರಲಾರದೆ ಆಲೆಮನೆಗೆ ಬಂದಳು. ಬಿಸಿಲಿಗೆ ಹರಡಿದ ಸಿಪ್ಪೆಯನ್ನು ಎಡಗೈಯಲ್ಲಿ ಕೋಲು ಹಿಡಿದು ತಿರುವುವ ಕೆಲಸ ಕೊಟ್ಟರು. ಸಿಪ್ಪೆ ತಿರುವುತ್ತಲೇ ಅವಳ ಕಣ್ಣು ಕೆಂಪರಾಜುವಿನ ಕೈಯ ಮೇಲಿರುತ್ತಿತ್ತು. ಅವನ ಬೆರಳು ಉರುಳೆಯ ಹತ್ತಿರ ಹೋದಾಗಲೆಲ್ಲ ಅವಳಿಗೆ ಇಲ್ಲದ ಕೈ ಸೆಳೆಯುತ್ತಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಗಂಡನಿಗೆ ಹೇಳಿದಳು.

"ಕೈ ಸಿಕ್ಕಾಕ್ಕೊಂಡೇಟ್ಗೆ ಗಾಣ ನಿಂತೋಗೋ ಅಂಗೆ ಏನಾರ ಮಾಡ್ಬೇಕು ಕಣಯ್ಯ."

ಬೋರಯ್ಯ ತಟ್ಟೆಯಿಂದ ತಲೆ ಎತ್ತಲಿಲ್ಲ. "ಓದ ಕೈ ಬತ್ತದಾ?" ಅಂದ.

"ನಂದ್ ಕೇಳ್ತಿಲ್ಲ ನಾನು. ಕೆಂಪರಾಜನ್ ಕೈ ಇನ್ನೂ ಅದೆಯಲ್ಲ."

ಬೋರಯ್ಯ ಕೈ ತೊಳೆದುಕೊಂಡು ಎದ್ದು ಹೋದ.

ಹೊಂಬಾಳಮ್ಮನ ಚಿಕ್ಕಪ್ಪನ ಮಗ ಶಿವರಾಜು ಮದ್ದೂರಿನಲ್ಲಿ, ಮಳವಳ್ಳಿ ರಸ್ತೆಯಲ್ಲಿ, ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಗೇಟು, ಕಿಟಕಿ, ಟ್ರ್ಯಾಕ್ಟರಿನ ಮುರಿದ ಕೊಂಡಿ, ಏನು ಕೊಟ್ಟರೂ ಸರಿ ಮಾಡುವ ಕೈ. ಅಕ್ಕ ಬಸ್ಸಿಳಿದು ಬಂದು ಮನಸ್ಸಿನಲ್ಲಿದ್ದದ್ದು ಹೇಳಿದಾಗ ಅವನು ಕಣ್ಣೀರು ತಂದುಕೊಂಡ. ಆಮೇಲೆ ಆವೇಶ ತಂದುಕೊಂಡ. ಮನುಷ್ಯ ಗಾಣದ ಹತ್ತಿರಕ್ಕೇ ಹೋಗಬಾರದು, ಕಬ್ಬು ತಾನಾಗಿ ಹೋಗಿ ಬೀಳಬೇಕು, ಅಂಥ ಯಂತ್ರ ಮಾಡುತ್ತೇನೆ ಅಂದ. ಅಂಗಡಿಯ ಹಿಂದೆ ಶೆಡ್ಡಿನಲ್ಲಿ ಮೂರು ತಿಂಗಳು ಬೆವರು ಸುರಿಸಿದ. ಸರಪಳಿ, ಹಲ್ಲುಗಾಲಿ, ರಬ್ಬರ್ ಪಟ್ಟೆ ಎಲ್ಲ ಜೋಡಿಸಿ, ಹಸಿರು ಬಣ್ಣ ಹೊಡೆದು, ಮುಗಿಯುವವರೆಗೆ ಯಾರಿಗೂ ತೋರಿಸದೆ ಕೊನೆಗೊಂದು ದಿನ ಟೆಂಪೋದಲ್ಲಿ ಹೇರಿಕೊಂಡು ಬಂದ. ಆಲೆಮನೆಯವರೆಲ್ಲ ಸುತ್ತ ನಿಂತರು.

ಯಂತ್ರ ಚೆನ್ನಾಗಿಯೇ ಶುರುವಾಯಿತು. ಆದರೆ ಹೊಲದಿಂದ ಬರುವ ಕಬ್ಬು ನೆಟ್ಟಗಿರುವುದಿಲ್ಲ. ಒಂದು ದಪ್ಪ, ಒಂದು ಸಣ್ಣ, ಒಂದು ಬಿಲ್ಲಿನ ಹಾಗೆ. ಗಂಟೆ ಕಳೆಯುವುದರೊಳಗೆ ಜಲ್ಲೆಗಳು ಅಡ್ಡಡ್ಡ ಬಿದ್ದು ಪಟ್ಟೆ ಹರಿದುಹೋಯಿತು. ಸಿಕ್ಕಿಕೊಂಡದ್ದನ್ನು ಬಿಡಿಸಲು ಕೆಂಪರಾಜು ಕೈ ಹಾಕಿದಾಗ ಹೊಂಬಾಳಮ್ಮ ಕಿಟಾರನೆ ಕಿರುಚಿದಳು.

"ಎತ್ಲಾ ಇದ್ನ," ಅಂದ ಚಲುವರಾಜು. "ನಿಮ್ ಆಟಕ್ಕೆ ನನ್ ಕಬ್ಬು ಒಣಗ್ತಾ ಕೂತದೆ."

ಯಂತ್ರ ಮರಳಿ ಶಿವರಾಜುವಿನ ಅಂಗಡಿಯ ಮುಂದೆ ಬಂದು ಬಿತ್ತು. ಅವನು ಅದರ ಕಡೆ ನೋಡುವುದನ್ನೇ ಬಿಟ್ಟ.

ಅದನ್ನು ನೋಡಿದ್ದು ಶುಭಾ. ಅವಳು ಮದ್ದೂರಿನ ಪೇಟೆಬೀದಿಯವಳು. ಮೈಸೂರಿನಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ಹೊಸ ಸಾಮಾನುಗಳ ಕೆಲಸವನ್ನು ಯೋಜಿಸುತ್ತಿದ್ದವಳು. ತಂದೆಗೆ ಪಾರ್ಶ್ವವಾಯು ಬಡಿದ ಮೇಲೆ ಕೆಲಸ ಬಿಟ್ಟು ಊರಿಗೆ ಬಂದಿದ್ದಳು. ತಂದೆ ಹಿಡಿದು ನಡೆಯಲು ಗೋಡೆಗೆ ಕಂಬಿ ಬೇಕಾಗಿತ್ತು, ಅಳತೆ ಕೊಡಲು ಬಂದವಳು ಹಸಿರು ಯಂತ್ರ ನೋಡಿ ಇದೇನು ಎಂದು ಕೇಳಿದಳು. ಅವತ್ತು ಹೊಂಬಾಳಮ್ಮನೂ ಅಲ್ಲೇ ಇದ್ದಳು. ಶಿವರಾಜು ಒಲ್ಲದ ಮನಸ್ಸಿನಿಂದ ಎಲ್ಲ ಹೇಳಿದ.

"ಮಾಡ್ತಿರುವಾಗ ಇದನ್ನ ಎಷ್ಟು ಸಲ ಗಾಣದ ಹತ್ತಿರ ತಗೊಂಡು ಹೋಗಿ ನೋಡಿದ್ರಿ?" ಶುಭಾ ಕೇಳಿದಳು.

"ಒಂದ್ಸಲಾನೂ ಇಲ್ಲ ಮೇಡಂ. ಪೂರ್ತಿ ಆಗ್ದೆ ಎಂಗ್ ತಗೊಂಡೋಗದು?"

"ಪೂರ್ತಿ ಆದಮೇಲೆ ತಪ್ಪು ಗೊತ್ತಾದರೆ ಪೂರ್ತಿ ಹಾಳಾಗುತ್ತಲ್ಲ. ಚಿಕ್ಕದೊಂದು ಮಾಡಿ. ಹದಿನೈದು ದಿನದಲ್ಲಿ ಆಗುವಷ್ಟು. ಅದನ್ನ ಗಾಣಕ್ಕೆ ಕಟ್ಟಿ ನೋಡಿ. ಕೆಲಸ ಮಾಡೋರು ಏನಂತಾರೆ ಕೇಳಿ. ಆಮೇಲೆ ಮುಂದಿನ ಹದಿನೈದು ದಿನಕ್ಕೆ ಏನು ಅಂತ ಯೋಚಿಸಿ. ನಮ್ಮ ಕಾರ್ಖಾನೇಲಿ ಇದಕ್ಕೆ ಅಜೈಲ್ ಅಂತಿದ್ವಿ. ಹೆಸರು ಏನಾದರೂ ಇರಲಿ, ಸೋತರೆ ಹದಿನೈದು ದಿನದಷ್ಟೇ ಸೋಲೋದು."

ಹೊಂಬಾಳಮ್ಮ ಕೇಳಿದಳು, "ಯಾವ್ದು ಮದ್ಲು ಮಾಡ್ಬೇಕು ಅಂತ ಯೋಳೋರು ಯಾರಮ್ಮ?"

"ಅದರ ಕಷ್ಟ ಯಾರಿಗೆ ಚೆನ್ನಾಗಿ ಗೊತ್ತೋ ಅವರು," ಅಂದಳು ಶುಭಾ. ಆಮೇಲೆ ಹೊಂಬಾಳಮ್ಮನ ಮೊಂಡು ಕೈಯನ್ನು ನೋಡಿ, ನೋಡಿದ್ದು ತಪ್ಪೇನೋ ಎಂಬಂತೆ ತಲೆ ತಗ್ಗಿಸಿದಳು. "ನೀವೇ ಹೇಳಬೇಕು."

ಹಾಗೆ ಕೆಲಸ ಮತ್ತೆ ಶುರುವಾಯಿತು. ಶುಭಾ ಮನೆಯಲ್ಲಿದ್ದ ಹಳೆಯ ಮದುವೆ ಆಹ್ವಾನದ ಕಾಗದಗಳ ರಾಶಿ ತಂದಳು. ಅವುಗಳ ಖಾಲಿ ಬೆನ್ನಿನ ಮೇಲೆ ಒಂದೊಂದು ಕೆಲಸ ಬರೆಯುವುದು. ಅಂಗಡಿಯ ಗೋಡೆಗೆ ಮೂರು ತಂತಿ ಕಟ್ಟಿ, ಮಾಡಬೇಕಾದದ್ದು ಒಂದರಲ್ಲಿ, ಮಾಡುತ್ತಿರುವುದು ಒಂದರಲ್ಲಿ, ಆದದ್ದು ಒಂದರಲ್ಲಿ ನೇತುಹಾಕುವುದು. ಮಾಡುತ್ತಿರುವ ತಂತಿಯಲ್ಲಿ ಎರಡಕ್ಕಿಂತ ಹೆಚ್ಚು ಇರಕೂಡದು ಎಂದು ಶುಭಾಳ ಕಟ್ಟಪ್ಪಣೆ. ಹೊಂಬಾಳಮ್ಮ ಏಳನೆಯ ತರಗತಿಯವರೆಗೆ ಓದಿದವಳು. ಕಾಗದಗಳನ್ನು ತಾನೇ ಬರೆಯುತ್ತೇನೆ ಎಂದು ಹಟ ಹಿಡಿದಳು. ಎಡಗೈಯಲ್ಲಿ ಮೊದಲ ಕಾಗದ ಬರೆಯಲು ಅವಳಿಗೆ ಅರ್ಧ ಗಂಟೆ ಬೇಕಾಯಿತು. 'ಗಾಣ ನಿಲ್ಲಬೇಕು' ಎಂದಷ್ಟೇ ಬರೆದಿದ್ದಳು. ಅಕ್ಷರಗಳು ಒಂದೊಂದು ಒಂದೊಂದು ಕಡೆಗೆ ವಾಲಿದ್ದವು.

ಎರಡನೆಯದು, 'ಬೇಗ ನಿಲ್ಲಬೇಕು'. ಮೂರನೆಯದು, 'ಕೈ ಅಷ್ಟು ದೂರ ಹೋಗಬಾರದು'. ಈ ಮೂರನೆಯದಕ್ಕೆ ಶಿವರಾಜು ಹೇಳಿದ ದಾರಿ ಸುಲಭವಾಗಿತ್ತು: ಗಾಣದ ಬಾಯಿಗೆ ತೋಳುದ್ದದ ಮುಚ್ಚಿದ ತಗಡಿನ ದೋಣಿ ಕೂರಿಸಿದರೆ ಕಬ್ಬು ಒಳಗೆ ಜಾರುತ್ತದೆ, ಕೈ ಉರುಳೆಯವರೆಗೆ ಮುಟ್ಟುವುದಿಲ್ಲ. "ಅದೇನು ಬುಡಕ್ಕ, ಒಂದಿನದ ತಗಡು ಕೆಲ್ಸ, ಕೊನೇಲಿ ಮಾಡುದ್ರಾಯ್ತು," ಅಂದ. ಹೊಂಬಾಳಮ್ಮನಿಗೂ ಗಾಣ ನಿಲ್ಲಿಸುವುದೇ ಮುಖ್ಯವಾಗಿತ್ತು. ದೋಣಿಯ ಕಾಗದವನ್ನು ತಂತಿಯ ಕೊನೆಗೆ ಸಿಕ್ಕಿಸಿದಳು.

ಸೋಮವಾರ ಆಲೆಮನೆಯಲ್ಲಿ ಕೊಪ್ಪರಿಗೆ ತೊಳೆಯುವ ದಿನ. ಒಂದು ಬಿಟ್ಟು ಒಂದು ಸೋಮವಾರ ಎರಡು ಗಂಟೆ ಹೊತ್ತು ಗಾಣ ಬಿಟ್ಟುಕೊಡಲು ಚಲುವರಾಜು ಒಪ್ಪಿದ. ಮೊದಲ ಸೋಮವಾರ ಶಿವರಾಜು ಗಾಣದ ಮೇಲೆ ಒಂದು ಹಗ್ಗ ಇಳಿಬಿಟ್ಟ. ಎಳೆದರೆ ಮೋಟಾರು ನಿಲ್ಲುತ್ತದೆ. ಕೆಂಪರಾಜು ಎಳೆದು ನೋಡಿದ, ನಿಂತಿತು. ಎಲ್ಲರಿಗೂ ಸಮಾಧಾನವಾಯಿತು. ಹೊಂಬಾಳಮ್ಮ ಮಾತ್ರ ತಲೆ ಆಡಿಸಿದಳು.

"ಇದು ಕೈಗೆ ಸಿಕ್ಕಾಕ್ಕಿಲ್ಲ."

"ಯಾಕಕ್ಕ? ತಲೆ ಮೇಲೇ ಅದಲ್ಲ?"

ಅವಳು ಮೋಟಾರಿನ ಕರೆಂಟು ತೆಗೆಸಿ ಗಾಣದ ಮುಂದೆ ಹೋಗಿ ನಿಂತಳು. ಏಳು ತಿಂಗಳ ಮೇಲೆ ಮೊದಲ ಸಲ ಆ ಜಾಗದಲ್ಲಿ ನಿಂತಿದ್ದಳು. ಮೊಂಡು ಕೈಯನ್ನು ಉರುಳೆಗಳ ಕಡೆ ಚಾಚಿದಳು. ಕೈ ಮುಂದೆ ಹೋದಂತೆ ಬಲ ಭುಜ ಕೆಳಗಿಳಿಯಿತು, ಮುಖ ಪಕ್ಕಕ್ಕೆ ತಿರುಗಿ ಕಬ್ಬಿಣಕ್ಕೆ ಒತ್ತಿಕೊಂಡಿತು, ಎಡಗೈ ಗಾಣದ ಚೌಕಟ್ಟನ್ನು ಹಿಂದಕ್ಕೆ ತಳ್ಳುತ್ತಾ ನೆಟ್ಟಗಾಯಿತು. ಅವತ್ತು ನಿಂತಿದ್ದು ಹೀಗೆ. ಎಡಗೈ ಬಿಟ್ಟರೆ ಇಡೀ ಮೈ ಒಳಗೆ ಹೋಗುತ್ತದೆ ಎಂಬ ಭಯಕ್ಕೆ ಆ ಕೈಯನ್ನು ಬಿಡಲಾಗುವುದಿಲ್ಲ. ಹಗ್ಗ ಅವಳ ಬೆನ್ನ ಹಿಂದೆ ಗಾಳಿಗೆ ಆಡುತ್ತಿತ್ತು.

ಕೊಪ್ಪರಿಗೆ ಉಜ್ಜುತ್ತಿದ್ದ ಬೋರಯ್ಯ ಎದ್ದವನು ಹೊರಗೆ ನಾಲೆಯ ಕಡೆ ನಡೆದುಬಿಟ್ಟ.

ಶುಭಾ ಮೆಲ್ಲಗೆ ಕೇಳಿದಳು, "ಹೊಂಬಾಳಮ್ಮ, ಹೀಗಿರುವಾಗ ನಿಮ್ಮ ಮೈಯಲ್ಲಿ ಯಾವುದು ಅಲ್ಲಾಡುತ್ತೆ?"

ಅವಳು ಹಾಗೇ ನಿಂತು ಯೋಚಿಸಿದಳು. ಆಮೇಲೆ ಸೊಂಟವನ್ನು ಮುಂದಕ್ಕೆ ಒತ್ತಿದಳು. "ಇದೊಂದು. ಎಳ್ದೇಟ್ಗೆ ಸೊಂಟ ತಾನಾಗೇ ಬಂದು ಗಾಣಕ್ಕೆ ಬಡೀತದೆ. ನಾವು ಬಡೀಬೇಕು ಅಂತಿಲ್ಲ, ಅದೇ ಬಡೀತದೆ."

ಶಿವರಾಜು ಜೇಬಿನಿಂದ ಸೀಮೆಸುಣ್ಣ ತೆಗೆದು, ಅವಳ ಸೊಂಟ ತಾಗಿದ ಕಡೆ ಗಾಣದ ಚೌಕಟ್ಟಿಗೆ ಗೆರೆ ಎಳೆದ.

ಆ ಸಂಜೆ ಮನೆಗೆ ಹೋಗುವಾಗ ಏರಿಯ ಮೇಲೆ ಬೋರಯ್ಯ ತಾನಾಗಿ ಬಾಯಿ ಬಿಟ್ಟ. "ಅವತ್ತು ಅಚ್ಚಿನ ಅಲಗೆ ತುಳ್ಕೊಂಡೇ ಓಗ್ಬೋದಿತ್ತು. ನಾನು ಬೆಲ್ಲ ಆಳಾಯ್ತದೆ ಅಂತ ಬಳಸ್ಕೊಂಡೋದೆ." ಅಷ್ಟು ಹೇಳಿ ನಿಂತುಬಿಟ್ಟ. ಹೊಂಬಾಳಮ್ಮನಿಗೆ ಅದು ಗೊತ್ತಿರಲಿಲ್ಲ. ಅವನ ಪಕ್ಕದಲ್ಲಿ ನಿಂತಳು, ಅವನು ಮತ್ತೆ ಹೆಜ್ಜೆ ಹಾಕುವವರೆಗೆ.

ಎರಡನೆಯ ಸುತ್ತಿಗೆ ಗಾಣದ ಮುಂದೆ ಸೊಂಟದೆತ್ತರಕ್ಕೆ ಒಂದು ಅಡ್ಡಕಂಬಿ ಬಂತು. ಮೈ ತಾಗಿದರೆ ಸಾಕು, ಮೋಟಾರು ನಿಲ್ಲುತ್ತದೆ. ಹದಿನೈದು ದಿನ ಅದನ್ನು ಹಾಗೇ ಬಿಟ್ಟು ನೋಡೋಣ ಅಂದಳು ಶುಭಾ. ಮೂರನೆಯ ದಿನ ಹೊಂಬಾಳಮ್ಮ ನೋಡುತ್ತಾಳೆ, ಕೆಂಪರಾಜು ಕಂಬಿಯನ್ನು ತಂತಿಯಿಂದ ಬಿಗಿದು ಕಟ್ಟಿಬಿಟ್ಟಿದ್ದಾನೆ. ಅವಳಿಗೆ ಮೈಯೆಲ್ಲ ಉರಿಯಿತು.

"ಲೇ ಕೆಂಪರಾಜ, ಯಾರ್ ಕೈ ಉಳೀಲಿ ಅಂತ ಇದ್ನ ಮಾಡಿದ್ದು?"

"ನನ್ ಕೈಯೇ ಕಣಕ್ಕ, ಇಲ್ಲ ಅಂತೀನಾ? ಒರೆ ಎತ್ಕೊಂಡ್ ಬಗ್ಗುದ್ರೆ ನಿಂತೋಯ್ತದೆ, ಕೆಮ್ಮುದ್ರೆ ನಿಂತೋಯ್ತದೆ. ಬೆಳಗ್ಗಿಂದ ಇಪ್ಪತ್ ಸಲ ನಿಂತದೆ. ಯಜಮಾನ್ರು ಬಾಯಿಗ್ ಬಂದಂಗ್ ಅಂತವ್ರೆ. ನಾನೇನ್ ಮಾಡ್ಲಿ?"

ಶಿವರಾಜು ಕೆಂಪರಾಜುವಿನ ಮೇಲೆ ಸಿಟ್ಟಾದ. ಶುಭಾ ಮಾತ್ರ ಒಂದು ಖಾಲಿ ಕಾಗದ ತೆಗೆದು ಹೊಂಬಾಳಮ್ಮನ ಮುಂದೆ ಇಟ್ಟಳು. "ಅವನು ಕಟ್ಟಿದ್ದು ತಪ್ಪಲ್ಲ, ಏನು ಸರಿಯಿಲ್ಲ ಅಂತ ನಮಗೆ ತಿಳಿಸೋ ಸುದ್ದಿ. ಬರೆಯಿರಿ." ಹೊಂಬಾಳಮ್ಮ 'ಸುಮ್ಮಸುಮ್ಮನೆ ನಿಲ್ಲಬಾರದು' ಎಂದು ಬರೆದಳು. ಮುಂದಿನ ಸುತ್ತಿಗೆ ಕಂಬಿಯ ಹಿಂದೆ ಗಟ್ಟಿ ಸ್ಪ್ರಿಂಗು ಬಂತು. ಯಾವ ಎತ್ತರದಲ್ಲಿ, ಎಷ್ಟು ಒತ್ತಿದರೆ ನಿಲ್ಲಬೇಕು ಎಂಬುದನ್ನು ಕೆಂಪರಾಜುವನ್ನೇ ನಿಲ್ಲಿಸಿ ಕೇಳಿ ಕೇಳಿ ಗೊತ್ತುಮಾಡಿದರು. ಅವನು ತಂತಿ ಬಿಚ್ಚಿ ಎಸೆದ.

ನಾಲ್ಕನೆಯ ಸುತ್ತಿನಲ್ಲಿ ನಿಜವಾದ ಕಷ್ಟ ಎದುರಾಯಿತು. ಮೋಟಾರು ನಿಂತರೂ ಗಾಣದ ದೊಡ್ಡ ಗಾಲಿ ತನ್ನ ರಭಸಕ್ಕೆ ತಿರುಗುತ್ತಲೇ ಇರುತ್ತದೆ. ಕಂಬಿ ಒತ್ತಿದ ಮೇಲೂ ಎರಡು ಅಡಿ ಕಬ್ಬು ಒಳಗೆ ಹೋಗುತ್ತಿತ್ತು. ಜಲ್ಲೆಗೆ ಸುಣ್ಣ ಹಚ್ಚಿ ಅಳೆದರು, ಅಳೆದಾಗಲೆಲ್ಲ ಅಷ್ಟೇ. ಎರಡು ಅಡಿ ಅಂದರೆ ಮೊಣಕೈ ದಾಟುತ್ತದೆ. ಶಿವರಾಜು ಹಳೆ ಲಾರಿಯ ಬ್ರೇಕು ತಂದು ಗಾಲಿಗೆ ಕೂರಿಸಿದ. ಎರಡು ಅಡಿ ಒಂದಡಿಯಾಯಿತು. ಹೊಂಬಾಳಮ್ಮ ತನ್ನ ಎಡಗೈಯ ಮೂರು ಬೆರಳು ಜೋಡಿಸಿ ತೋರಿಸಿದಳು. "ಇಷ್ಟ್ರ ಮ್ಯಾಲೆ ಓಗ್ಬಾರ್ದು. ಅಲ್ಲೀಗಂಟ ನಾನು ಆಯ್ತು ಅನ್ನಾಕಿಲ್ಲ."

ಆ ದಿನಗಳಲ್ಲೇ ಚಿಕ್ಕಮಾದು ಬಂದದ್ದು. ಮಳವಳ್ಳಿ ಕಡೆಯ ಒಂದು ಆಲೆಮನೆಯಲ್ಲಿ ಕಬ್ಬು ಕೊಡುವವನು, ಮೂವತ್ತರ ಆಸುಪಾಸು. ಸುದ್ದಿ ಕೇಳಿ ಸೋಮವಾರದ ಪರೀಕ್ಷೆ ನೋಡಲು ಬಸ್ಸು ಹತ್ತಿ ಬಂದಿದ್ದ. ಎಲ್ಲ ನೋಡಿ ಹೊಂಬಾಳಮ್ಮನ ಬಳಿ ಕೂತ.

"ಅಕ್ಕ, ನಮ್ ಗಾಣಕ್ಕೂ ಒಂದ್ ಆಕ್ಕೊಡಿ. ಯಜಮಾನ್ರ ನಾನ್ ಒಪ್ಪುಸ್ತೀನಿ."

"ಇನ್ನೂ ಸರಿಯಾಗಿಲ್ಲ ಕಣಪ್ಪ. ಬ್ರೇಕ್ ಇಡೀತಿಲ್ಲ."

"ಎಂಗದೋ ಅಂಗೇ ಕೊಡಿ. ಈಗಂತೂ ಏನೂ ಇಲ್ವಲ್ಲ ನಮ್ದುಕ್ಕೆ."

ಶುಭಾ ಅವಳ ಮುಖ ನೋಡಿದಳು. "ಆಗಿರೋಷ್ಟನ್ನ ಕೊಡಬಹುದು, ಹೊಂಬಾಳಮ್ಮ. ಆ ದೋಣಿಯನ್ನಾದರೂ ಮಾಡಿ ಕೊಡೋಣ."

ಹೊಂಬಾಳಮ್ಮ ಒಪ್ಪಲಿಲ್ಲ. ಅವಳ ಮಾತಿನಲ್ಲೂ ನ್ಯಾಯವಿತ್ತು. "ಅರ್ಧಂಬರ್ಧ ಕೊಟ್ರೆ ನಂಬ್ಕೊಂಡ್ ಕೈ ಆಕ್ತಾರೆ ಕಣಮ್ಮ. ಗಾಣ ನಿಲ್ತದೆ ಅನ್ನೋ ಧೈರ್ಯದ ಮ್ಯಾಲೆ ಆಕ್ತಾರೆ. ಅದು ನಿಲ್ದೆ ಓದ್ರೆ? ಇನ್ನೊಂದ್ ತಿಂಗ್ಳು ತಡ್ಕೊ ಚಿಕ್ಕಮಾದು. ನಾನೇ ಬತ್ತೀನಿ."

ಚಿಕ್ಕಮಾದು ಆಗಲಿ ಎಂದು ಹೊರಟುಹೋದ.

ಹನ್ನೆರಡು ದಿನ ಕಳೆಯಿತು. ಹದಿಮೂರನೆಯ ದಿನ ಬೆಳಗ್ಗೆ ಶಿವರಾಜು ಫೋನು ಮಾಡಿದ. ಚಿಕ್ಕಮಾದುವಿನ ಬಲಗೈಯ ನಾಲ್ಕು ಬೆರಳು ಗಾಣಕ್ಕೆ ಹೋಗಿದ್ದವು. ಮೋಟು ಜಲ್ಲೆಯೊಂದನ್ನು ಒತ್ತಲು ಹೋಗಿ.

ಹೊಂಬಾಳಮ್ಮ ಅವತ್ತು ಅನ್ನ ಮುಟ್ಟಲಿಲ್ಲ. ಮರುದಿನ ಒಬ್ಬಳೇ ಆಸ್ಪತ್ರೆಗೆ ಹೋದಳು. ಚಿಕ್ಕಮಾದು ಗೋಡೆಯ ಕಡೆ ತಿರುಗಿ ಮಲಗಿದ್ದ. ಅವನ ಹೆಂಡತಿ ದೀಪಿಕ ಕಾಲ ಬಳಿ ಕೂತಿದ್ದಳು.

"ನೀನ್ ಕೇಳ್ದಾಗ ಕೊಟ್ಬುಡ್ಬೇಕಾಗಿತ್ತು ಕಣಪ್ಪ," ಅಂದಳು ಹೊಂಬಾಳಮ್ಮ.

ಚಿಕ್ಕಮಾದು ತಿರುಗಲಿಲ್ಲ. "ಊ ಕಣಕ್ಕ," ಅಂದ. "ಕೊಟ್ಬುಡ್ಬೇಕಾಗಿತ್ತು."

ಅವನು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ದೀಪಿಕ ಎದ್ದು ಸ್ಟೂಲು ಸರಿಸಿ "ಕೂತ್ಕೊಳಿ ಅಕ್ಕ" ಅಂದಳು. ಹೊರಡುವಾಗ ಹೊಂಬಾಳಮ್ಮ ದೀಪಿಕಳನ್ನು ಪಕ್ಕಕ್ಕೆ ಕರೆದು, ಗಾಯ ಒಣಗುವಾಗ ಹೇಗೆ ನವೆಯಾಗುತ್ತದೆ, ಇಲ್ಲದ ಬೆರಳು ಹೇಗೆ ನೋಯುತ್ತದೆ, ಆಗ ಅವನಿಗೆ ಹುಚ್ಚು ಹಿಡಿದಿಲ್ಲ ಎಂದು ತಿಳಿದುಕೊಳ್ಳಬೇಕು ಎಂಬುದನ್ನೆಲ್ಲ ಹೇಳಿದಳು. ತನ್ನ ಕೈ ಹೋದಾಗ ಹೊಂಬಾಳಮ್ಮನಿಗೆ ಇದನ್ನು ಹೇಳಿದವರು ಯಾರೂ ಇರಲಿಲ್ಲ.

ಅಲ್ಲಿಂದ ನೇರ ಮದ್ದೂರಿಗೆ ಹೋದಳು. ಅಂಗಡಿಯ ಗೋಡೆಯ ಮುಂದೆ ನಿಂತು ತಂತಿಗಳನ್ನು ಬಹಳ ಹೊತ್ತು ನೋಡಿದಳು. ಕೊನೆಯಲ್ಲಿದ್ದ ದೋಣಿಯ ಕಾಗದವನ್ನು ತೆಗೆದು ಎಲ್ಲಕ್ಕಿಂತ ಮುಂದೆ ಸಿಕ್ಕಿಸಿದಳು.

"ಇದು ಒಂದಿನದ್ ಕೆಲ್ಸ ಅಂದಿದ್ದೆ ನೀನು," ಅಂದಳು.

ಶಿವರಾಜು ತಲೆ ತಗ್ಗಿಸಿದ. "ಊ ಕಣಕ್ಕ."

"ಇದೊಂದ್ ಇದ್ದಿದ್ರೆ ಅವ್ನ ಬೆರಳು ಅಲ್ಲೀಗಂಟ ಓಯ್ತಿರ್ನಿಲ್ಲ. ಗಾಣ ನಿಲ್ಲೋದು ಬ್ಯಾಡ, ಏನೂ ಬ್ಯಾಡ, ಬರೀ ಒಂದ್ ತಗಡು. ನಾನೇ ಇದ್ನ ಕೊನೇಗ್ ಆಕ್ದೆ."

ಶುಭಾ ಅಲ್ಲೇ ಇದ್ದಳು. ತಾನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು ಎಂದು ಶುರುಮಾಡಿದಳು. ಹೊಂಬಾಳಮ್ಮ ಕೈ ಎತ್ತಿ ತಡೆದಳು. "ನೀವ್ ಯೋಳಿದ್ರಿ ಕಣಮ್ಮ. ನಾನ್ ಕೇಳ್ನಿಲ್ಲ. ನನ್ ಕೈ ಓಗಿದ್ದು ನಿಲ್ದೆ ಇದ್ದುದ್ಕೆ ಅಂತ ನಿಲ್ಲೋದೊಂದೇ ಕಾಣ್ತಿತ್ತು ನಂಗೆ."

ಆವತ್ತಿನಿಂದ ಕೆಲಸದ ದಾರಿಯೇ ಬದಲಾಯಿತು. ಶಿವರಾಜು ನಾಲ್ಕು ದಿನದಲ್ಲಿ ನಾಲ್ಕು ದೋಣಿ ಮಾಡಿದ. ಮೋಟು ಜಲ್ಲೆಗಳನ್ನು ಒಳಗೆ ನೂಕಲು ಒಂದೊಂದಕ್ಕೂ ಒಂದು ತಳ್ಳುಗೋಲು. ಮೊದಲನೆಯದನ್ನು ಚಿಕ್ಕಮಾದು ಕೆಲಸ ಮಾಡುತ್ತಿದ್ದ ಆಲೆಮನೆಗೇ ಒಯ್ದರು. ಅಲ್ಲಿನ ಯಜಮಾನ ಅಶೋಕ್ ಎಂಬವನು ಮೊದಲು ಬಾಗಿಲಲ್ಲೇ ತಡೆದ. ಈ ಹೆಂಗಸು ಸುದ್ದಿ ಎಬ್ಬಿಸಲು ಬಂದಿದ್ದಾಳೆ ಎಂದು ಅವನ ಗುಮಾನಿ. ಹೊಂಬಾಳಮ್ಮ ಜಗಳವಾಡಲಿಲ್ಲ. "ಒಂದ್ ದಿನ ಆಕ್ ನೋಡಿ ಸ್ವಾಮಿ. ನಿಮ್ಮ ಆಲು ಕಮ್ಮಿ ಆದ್ರೆ ನಾನೇ ಬಿಚ್ಕೊಂಡ್ ಓಯ್ತೀನಿ," ಅಂದಳು. ಹಾಲು ಕಡಿಮೆಯಾಗಲಿಲ್ಲ. ಅವನು ಬಿಚ್ಚಿಸಲಿಲ್ಲ.

ಬ್ರೇಕಿನ ಕೆಲಸವನ್ನೂ ಬಿಡಲಿಲ್ಲ. ಸೋಮವಾರಗಳು ನಡೆದೇ ಇದ್ದವು. ಒಂದಡಿಯಿಂದ ಆರು ಇಂಚಿಗೆ ಇಳಿಯಲು ಮತ್ತೆ ಐದು ಸುತ್ತು ಬೇಕಾಯಿತು. ನಡುವೆ ಒಂದು ಸುತ್ತಿನಲ್ಲಿ ಬ್ರೇಕು ಸುಟ್ಟು ಹೊಗೆ ಬಂದು ಚಲುವರಾಜು ಮತ್ತೆ ಎಲ್ಲರನ್ನೂ ಹೊರಗೆ ಹಾಕುತ್ತೇನೆ ಎಂದ. ಮರುವಾರ ತಾನೇ ಬನ್ನಿ ಎಂದು ಹೇಳಿ ಕಳಿಸಿದ. ಸ್ಟಾರ್ಟರ್ ಪೆಟ್ಟಿಗೆಯನ್ನು ಗೋಡೆಯ ಹಿಂದಿನಿಂದ ತೆಗೆಸಿ ಗಾಣದ ಪಕ್ಕಕ್ಕೆ ತಂದದ್ದು ಬೋರಯ್ಯ. ಯಾರೂ ಅವನಿಗೆ ಹೇಳಿರಲಿಲ್ಲ. ಒಂದು ದಿನ ತಾನೇ ಲೈನ್‌ಮ್ಯಾನನ್ನು ಕರೆತಂದು, ಇಡೀ ಬೆಳಗ್ಗೆ ಅವನ ಜೊತೆ ನಿಂತು ಮಾಡಿಸಿದ.

ಮೂರು ಬೆರಳಿನ ಅಳತೆ ಇವತ್ತಿಗೂ ಸಿಕ್ಕಿಲ್ಲ. ನಾಲ್ಕು ಇಂಚಿಗೆ ನಿಂತಿದೆ. ಹೊಂಬಾಳಮ್ಮ ಆಯ್ತು ಎಂದು ಇನ್ನೂ ಹೇಳಿಲ್ಲ. ಆದರೆ ಕೊಡುವುದನ್ನು ನಿಲ್ಲಿಸಿಲ್ಲ. ದೋಣಿ ಇಪ್ಪತ್ತಮೂರು ಗಾಣಗಳಲ್ಲಿದೆ, ಕಂಬಿ ಮತ್ತು ಬ್ರೇಕು ಒಂಬತ್ತರಲ್ಲಿ. ಕೊಡುವಾಗ ಅವಳು ಏನನ್ನೂ ಮುಚ್ಚಿಡುವುದಿಲ್ಲ. ಗಾಣದ ಮುಂದೆ ನಿಲ್ಲುವವರನ್ನೆಲ್ಲ ಕೂರಿಸಿಕೊಂಡು, ಇದು ಇಷ್ಟು ಮಾಡುತ್ತದೆ, ಇಷ್ಟು ಮಾಡುವುದಿಲ್ಲ, ನಿಂತ ಮೇಲೂ ಇಷ್ಟು ಎಳೆಯುತ್ತದೆ ಎಂದು ಜಲ್ಲೆ ಇಟ್ಟು ತೋರಿಸುತ್ತಾಳೆ. ತನ್ನ ಮೊಂಡು ಕೈಯನ್ನೂ ತೋರಿಸುತ್ತಾಳೆ.

ಚಿಕ್ಕಮಾದು ಗುಣವಾದ ಮೇಲೆ ಶಿವರಾಜುವಿನ ಅಂಗಡಿಗೆ ಬಂದ. ತಗಡು ಹಿಡಿದುಕೊಳ್ಳುವುದು, ಅಳತೆ ತೆಗೆಯುವುದು, ಹೊಸ ಗಾಣಗಳಿಗೆ ಹೋಗಿ ಕೂರಿಸುವುದು ಈಗ ಅವನ ಕೆಲಸ. ಹೊಂಬಾಳಮ್ಮನ ಜೊತೆ ಚೆನ್ನಾಗಿಯೇ ಮಾತಾಡುತ್ತಾನೆ. ಆಸ್ಪತ್ರೆಯಲ್ಲಿ ಹೇಳಿದ್ದನ್ನು ಅವನು ವಾಪಸು ತೆಗೆದುಕೊಂಡಿಲ್ಲ, ಅವಳೂ ಕೇಳಿಲ್ಲ.

ಕಳೆದ ವರ್ಷ ಮಾಘದಲ್ಲಿ ಮಳವಳ್ಳಿ ಕಡೆಯಿಂದ ಫೋನು ಬಂತು. ಕವಿತ ಎಂಬ ಹೆಣ್ಣುಮಗಳು ಗಾಣದ ಮುಂದೆ ನಿಂತಿದ್ದಾಗ ಸೆರಗು ಸಿಕ್ಕಿ ಎಳೆದುಕೊಂಡಿತ್ತಂತೆ. ಸೊಂಟ ಕಂಬಿಗೆ ಬಡಿದು ಗಾಣ ನಿಂತಿತ್ತು. ಸೆರಗು ಹರಿದದ್ದು ಬಿಟ್ಟರೆ ಮೈಗೆ ಏನೂ ಆಗಿರಲಿಲ್ಲ. ಹೊಂಬಾಳಮ್ಮ ಮತ್ತು ಚಿಕ್ಕಮಾದು ಮಧ್ಯಾಹ್ನದ ಬಸ್ಸಿಗೆ ಹೋದರು. ಕವಿತ ಆಲೆಮನೆಯ ಹೊರಗೆ ಕಬ್ಬಿನ ಹೊರೆಯ ಮೇಲೆ, ಹರಿದ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಬೆಳಗಿನಿಂದ ಯಾರ ಜೊತೆಯೂ ಮಾತಾಡಿಲ್ಲ ಎಂದರು.

ಹೊಂಬಾಳಮ್ಮ ಅವಳ ಪಕ್ಕ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಕವಿತ ತಾನೇ ಅವಳ ಮೊಂಡು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಜೋರಾಗಿ ಅತ್ತಳು. ಹೊಂಬಾಳಮ್ಮನೂ ಅತ್ತಳು. ಕೈ ಹೋದ ದಿನದಿಂದ ಅವಳು ಹಾಗೆ ಅತ್ತಿರಲಿಲ್ಲ. ಚಿಕ್ಕಮಾದು ಒಳಗೆ ಹೋಗಿ ಗಾಣದ ಕಂಬಿಯನ್ನೂ ಸ್ಪ್ರಿಂಗನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದ.

ಅಳು ನಿಂತ ಮೇಲೆ ಹೊಂಬಾಳಮ್ಮ ಕಣ್ಣೊರೆಸಿಕೊಂಡು ಕೇಳಿದಳು, "ಸೆರಗು ಯಾವ್ ಕಡೆಯಿಂದ ಓಯ್ತವ್ವ? ದೋಣಿ ಮ್ಯಾಗ್ಲಿಂದ್ಲಾ, ಪಕ್ಕದ್ ಸಂದಿಂದ್ಲಾ?"

"ಪಕ್ಕದ್ ಸಂದಿಂದ ಕಣಕ್ಕ," ಅಂದಳು ಕವಿತ.

"ಚಿಕ್ಕಮಾದು," ಎಂದು ಹೊಂಬಾಳಮ್ಮ ಕೂಗಿ ಹೇಳಿದಳು, "ಆ ಪಕ್ಕದ್ ಸಂದು ಎಷ್ಟ್ ಅಗಲ ಅದೆ, ಅಳ್ದು ನೋಡಪ್ಪ."